ಕಾವು ಕೂತ ಕೋಳಿಯಿಂದ ನಾವು ಕಲಿಯತಕ್ಕ ಪಾಠ

ಓದತಕ್ಕ ಭಾಗಗಳು: ಮತ್ತಾಯ 23:37, ಜ್ಞಾನೋಕ್ತಿ 12:10, ಪ್ರಸಂಗಿ 3:1-8



ನಮ್ಮ ಕರ್ತನು ಯೆರೂಸಲೇಮ್ ಪಟ್ಟಣವನ್ನು ನೋಡಿ ಮನನೊಂದು ಮಾತಾಡಿದಾಗ ತನ್ನನ್ನು ಸಿಂಹಕ್ಕಾಗಲಿ ಹದ್ದಿಗಾಗಲಿ ಹೋಲಿಸಿಕೊಳ್ಳದೆ, ಮರಿಗಳನ್ನು ರೆಕ್ಕೆಗಳ ಕೆಳಗೆ ಕೂಡಿಸಿಕೊಳ್ಳುವ ಕೋಳಿಗೆ ಹೋಲಿಸಿಕೊಂಡನು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ವಾಸಿಸುವ ನಮಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಲು ಪಂಡಿತರು ಬೇಕಾಗಿಲ್ಲ. ನಮ್ಮ ಹಿತ್ತಲಲ್ಲಿಯೇ ಅದು ಓಡಾಡಿಕೊಂಡಿದೆ. ಆದರೆ ದಿನಾಲು ಕಾಣುವದನ್ನು ನಾವು ನಿಜವಾಗಿ ನೋಡುವದು ಅಪರೂಪ. ಆದಕಾರಣ ಈ ಸಾರಿ ಕಾವು ಕೂತ ಕೋಳಿಯ ವಿಷಯವನ್ನು ಕೊಂಚ ವಿಚಾರಿಸೋಣ.

ಮೊದಲು ಕಾಲದ ಮಾತು. ಪ್ರತಿಯೊಂದಕ್ಕೂ ತಕ್ಕ ಸಮಯವುಂಟೆಂದು ಪ್ರಸಂಗಿಯು ಬೋಧಿಸುತ್ತಾನಷ್ಟೆ. ನಮ್ಮ ಸೀಮೆಯ ಬೇಸಿಗೆಯು ಬಹು ಕಠಿಣ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆ ಸೆಕೆಯಲ್ಲಿ ತತ್ತಿಯನ್ನು ಸುಮ್ಮನೆ ಮಾಡದಲ್ಲಿಟ್ಟರೂ ಅದರೊಳಗಿನ ಜೀವಾಂಕುರವು ಕೋಳಿಯಿಲ್ಲದೆಯೇ ಅರೆಬರೆ ಬೆಳೆಯಲಾರಂಭಿಸಿ ಸತ್ತುಹೋಗುತ್ತದೆ. ದಸರೆಯಿಂದ ಶಿವರಾತ್ರಿಯ ವರೆಗಿನ ತಂಪು ದಿನಗಳು ಕಾವಿಗೆ ಉತ್ತಮವಾದವು. ಆ ದಿನಗಳಲ್ಲಿ ಜೋಳ, ತೊಗರಿಗಳ ರಾಶಿಯ ಕಾಲವೂ ಬರುವದರಿಂದ ಮರಿಗಳಿಗೆ ಕಾಳಿಗೂ ಹುಳುಹುಪ್ಪಟೆಗೂ ಕೊರತೆಯಿರುವದಿಲ್ಲ.

ತತ್ತಿಗಳನ್ನು ಒಂದು ವಾರಕ್ಕಿಂತ ಹೆಚ್ಚು ಕೂಡಿಹಾಕಬಾರದು. ಹಸಿ ಉಸುಕು ತುಂಬಿದ ಗಡಿಗೆಯ ಮೇಲೆ ಬಟ್ಟೆ ಹಾಸಿ, ದಪ್ಪ ತುದಿ ಮೇಲಕ್ಕಿರುವಂತೆ ತಂಪಾಗಿ ಇಡಬೇಕು, ತೊಳೆಯಬಾರದು. ಜವಾರಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ತತ್ತಿ ಸಾಕು. ಆಸೆಬಿದ್ದು ಹದಿನೆಂಟು ಇಟ್ಟರೆ ಅಂಚಿನ ತತ್ತಿಗಳು ಸರದಿಯಂತೆ ತಣ್ಣಗಾಗಿ ಎಲ್ಲಕ್ಕೂ ಹಾನಿಯಾಗುವದು. ಬುಟ್ಟಿಯ ತಳದಲ್ಲಿ ಬೂದಿ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಜೋಳದ ರವದಿಯನ್ನು ಹಾಸಿದರೆ ಹೇನು ಉಣ್ಣೆಗಳ ಕಾಟ ಕಡಿಮೆಯಾಗುವದು. ಎಲ್ಲಾ ತತ್ತಿಗಳನ್ನು ಒಂದೇ ದಿನ ಇಟ್ಟು, ಇದ್ದಲಿನಿಂದ ಒಂದೊಂದು ಗೆರೆ ಎಳೆಯಿರಿ. ಬೇರೆ ಕೋಳಿ ಬಂದು ಹೊಸ ತತ್ತಿಯಿಟ್ಟರೆ ಗೊತ್ತಾಗುವದು. ಕತ್ತಲಾದ ಮೇಲೆ ಕೋಳಿಯನ್ನು ಮೆಲ್ಲಗೆ ಕೂಡ್ರಿಸಿರಿ. ಆಗ ಅದು ಬೆದರುವದಿಲ್ಲ.

ಇಲ್ಲಿಂದ 21 ದಿನಗಳ ಸೇವೆ ಆರಂಭವಾಗುತ್ತದೆ. ನೋಡುವವರಿಗೆ ಕೋಳಿಯು ಸುಮ್ಮನೆ ಕೂತಿದೆ. ಆದರೆ ಅದು ಎದೆಯ ಬಿಸಿಯನ್ನು ತತ್ತಿಗಳಿಗೆ ತಾಕಿಸುತ್ತಾ, ಹಗಲಿರುಳು ಅನೇಕ ಸಾರಿ ಕೊಕ್ಕಿನಿಂದ ಅವುಗಳನ್ನು ಹೊರಳಿಸುತ್ತಾ ಇರುತ್ತದೆ. ಹಾಗೆ ಹೊರಳಿಸದಿದ್ದರೆ ಒಳಗಿನ ಎಳೆಯ ಜೀವವು ಪೊರೆಗೆ ಅಂಟಿಕೊಂಡು ಸಾಯುವದು. ದಿನಕ್ಕೆ ಒಂದಾವರ್ತಿ ಮಾತ್ರ ಎದ್ದು, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ತಿಂದು, ಕುಡಿದು, ಧೂಳಿನಲ್ಲಿ ಹೊರಳಾಡಿ ತಿರುಗಿ ಬರುವದು. ತಾನು ಸೊರಗಿದರೂ ತತ್ತಿಯನ್ನು ತಣ್ಣಗಾಗಗೊಡುವದಿಲ್ಲ. ಹತ್ತಿರದಲ್ಲಿ ಕಾಳನ್ನೂ ತಣ್ಣೀರನ್ನೂ ಇಡುವದು ನಮ್ಮ ಕೆಲಸ. ಏಳನೆಯ ರಾತ್ರಿ ಬ್ಯಾಟರಿಯ ಬೆಳಕಿಗೆ ತತ್ತಿಯನ್ನು ಹಿಡಿದರೆ, ಜೀವವಿರುವದರಲ್ಲಿ ಜೇಡರ ಕಾಲುಗಳಂತೆ ಕೆಂಪು ನರಗಳು ಕಾಣುವವು. ತಿಳಿಯಾಗಿ ಕಾಣುವದು ಬರಿದು, ಅದನ್ನು ತೆಗೆದುಬಿಡಬೇಕು. ಬಿಟ್ಟರೆ ಕೊಳೆತು ಒಡೆದು ಒಳ್ಳೆಯವುಗಳನ್ನೂ ಕೆಡಿಸಬಹುದು.

ಎಲ್ಲಾ ಕೋಳಿಗಳನ್ನೂ ಕಾವಿಗೆ ಕೂಡ್ರಿಸಲು ನಮಗೆ ಆಗದು. ಕೂಡ್ರಿಸಲಾರದ ಕೋಳಿಯ ಕಾವು ಬಿಡಿಸುವದಕ್ಕಾಗಿ ಕೆಲವರು ಅದರ ಮೂಗಿನಲ್ಲಿ ಪುಕ್ಕ ಚುಚ್ಚುತ್ತಾರೆ, ನೀರಿನಲ್ಲಿ ಅದ್ದುತ್ತಾರೆ, ಕಾಲು ಕಟ್ಟಿ ಹಸಿವೆಯಿಂದಿಡುತ್ತಾರೆ. ಸಹೋದರರೇ, ಇದು ನಮಗೆ ತಕ್ಕದ್ದಲ್ಲ. ನೀತಿವಂತನಿಗೆ ತನ್ನ ಮೂಕ ಪ್ರಾಣಿಯ ಮೇಲೆಯೂ ಕರುಣೆಯಿರುವದೆಂದು ಜ್ಞಾನೋಕ್ತಿಯು ಕಲಿಸುತ್ತದೆ. ಗೂಡಿನ ತಾಯಿಹಕ್ಕಿಯನ್ನು ಹಿಡಿಯದೆ ಬಿಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರವೂ ವಿಧಿಸಿತ್ತು. ಕೆಳಗಿನಿಂದ ಗಾಳಿಯಾಡುವಂತೆ ಎತ್ತರಿಸಿದ ಬಿದಿರಿನ ಪಂಜರದಲ್ಲಿ, ಹಾಸಿಗೆಯಿಲ್ಲದೆ, ಆದರೆ ಕಾಳು ನೀರುಗಳೊಂದಿಗೆ ಮೂರು ನಾಲ್ಕು ದಿನ ಇಟ್ಟರೆ ಎದೆಯ ಬಿಸಿ ಆರಿ ಕಾವು ತಾನೇ ಬಿಡುವದು. ಕ್ರೂರತೆಯಿಂದ ಆಗುವ ಕೆಲಸವು ದಯೆಯಿಂದಲೂ ಆಗುವದಾದರೆ ಕ್ರೂರತೆಗೆ ನಾವು ಯಾವ ನೆವ ಹೇಳೋಣ?

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಒಂದು ವರುಷ ನಮ್ಮ ಮನೆಯಲ್ಲಿ ಹನ್ನೊಂದು ತತ್ತಿಗಳ ಮೇಲೆ ಹೇಂಟೆಯನ್ನು ಕೂಡ್ರಿಸಿದ್ದೆವು. ಇಪ್ಪತ್ತನೆಯ ದಿನ ಸಾಯಂಕಾಲ ಒಂದು ತತ್ತಿಯಲ್ಲಿ ಸಣ್ಣ ಬಿರುಕು ಬಿದ್ದು, ಒಳಗಿನಿಂದ ಚಿಂವ್ ಚಿಂವ್ ಎಂಬ ಧ್ವನಿ ಕೇಳಿಬಂತು. ಮಕ್ಕಳು ದೀಪ ಹಿಡಿದು ಸುತ್ತಲೂ ಕೂತರು. ರಾತ್ರಿಯಾದರೂ ಮರಿ ಹೊರಗೆ ಬರಲಿಲ್ಲ. ಅದು ದಣಿದಿದೆ, ಸಹಾಯ ಮಾಡುವದು ಪುಣ್ಯವೆಂದು ನೆನಸಿ ನಾವು ಉಗುರಿನಿಂದ ಚಿಪ್ಪನ್ನು ಬಿಡಿಸಿದೆವು. ಪೊರೆಯಿಂದ ರಕ್ತ ಜಿನುಗಿತು. ಹೊಟ್ಟೆಯೊಳಗೆ ಸೇರಬೇಕಾಗಿದ್ದ ಹಳದಿಯ ಚೀಲವು ಇನ್ನೂ ಹೊರಗೇ ಇತ್ತು. ಬೆಳಗಾಗುವದರೊಳಗೆ ಮರಿ ಸತ್ತಿತು. ನಾವು ಮುಟ್ಟದೆ ಬಿಟ್ಟವುಗಳಲ್ಲಿ ಎಂಟು ಮರಿಗಳು ಮರುದಿನ ಮಧ್ಯಾಹ್ನದ ಹೊತ್ತಿಗೆ ತಾವೇ ಹೊರಗೆ ಬಂದು ತಾಯಿಯ ರೆಕ್ಕೆಯ ಕೆಳಗೆ ಸೇರಿದವು.

ಹೀಗಾದದ್ದಕ್ಕೆ ಕಾರಣವುಂಟು. ಮೊದಲ ಬಿರುಕಿನಿಂದ ಮರಿ ಹೊರಬೀಳುವ ವರೆಗೆ ಅರ್ಧ ದಿನದಿಂದ ಒಂದು ಪೂರ್ಣ ದಿನ ಹಿಡಿಯುವದು ಸಹಜವೇ. ಆ ಹೊತ್ತಿನಲ್ಲಿ ಮರಿಯು ದಪ್ಪ ತುದಿಯ ಗಾಳಿಯಲ್ಲಿ ಉಸಿರಾಡುವದನ್ನು ಕಲಿಯುತ್ತದೆ; ಪೊರೆಯ ನರಗಳಲ್ಲಿದ್ದ ರಕ್ತವು ಅದರ ದೇಹಕ್ಕೆ ಹಿಂದಿರುಗುತ್ತದೆ; ಹಳದಿಯು ಹೊಟ್ಟೆಯೊಳಗೆ ಸೇರುತ್ತದೆ. ಆ ಹಳದಿಯೇ ಹುಟ್ಟಿದ ಮರಿಗೆ ಒಂದೆರಡು ದಿನದ ಬುತ್ತಿ. ನಾವು ಯಾವದನ್ನು ತಡವೆಂದು ಎಣಿಸಿದೆವೋ ಅದೇ ಅದರ ಸಿದ್ಧತೆಯಾಗಿತ್ತು.

ಆಗ ತಾಯಿ ಏನು ಮಾಡುತ್ತಿತ್ತು? ಮರಿಯ ಕೂಗಿಗೆ ಮೆಲುದನಿಯಿಂದ ಉತ್ತರ ಕೊಡುತ್ತಿತ್ತು, ಮತ್ತು ಬೆಚ್ಚಗೆ ಕೂತಿತ್ತು. ಚಿಪ್ಪನ್ನು ಬಿಡಿಸಲು ಆತುರಪಡಲಿಲ್ಲ. ನಮ್ಮ ಕರ್ತನೂ ಹೀಗೆಯೇ. ತಾನು ಕೂಡಿಸಿಕೊಳ್ಳಬೇಕೆಂದಿದ್ದೆನು, ಅವರಿಗೆ ಮನಸ್ಸಿರಲಿಲ್ಲ ಎಂದು ಆತನು ದುಃಖಪಟ್ಟನೇ ಹೊರತು ಯಾರನ್ನೂ ಬಲವಂತದಿಂದ ರೆಕ್ಕೆಯ ಕೆಳಗೆ ಎಳೆದುಕೊಳ್ಳಲಿಲ್ಲ. ಕರೆಯುತ್ತಾನೆ, ಕಾಯುತ್ತಾನೆ, ಬಂದವರನ್ನು ಮರೆಮಾಡುತ್ತಾನೆ.

ಪ್ರಿಯರೇ, ನಮ್ಮ ಮನೆಗಳಲ್ಲಿ ಚಿಪ್ಪನ್ನು ಮುಂಚೆಯೇ ಒಡೆಯುವ ಕೆಲಸ ನಡೆಯುತ್ತಿಲ್ಲವೋ? ಹದಿನಾಲ್ಕು ಹದಿನೈದು ವರುಷದ ಹುಡುಗಿಯನ್ನು ಶಾಲೆಯಿಂದ ಬಿಡಿಸಿ, ಒಳ್ಳೆಯ ಸಂಬಂಧ ಬಂದಿದೆ, ಮುಂದೆ ಹೇಗೋ ಏನೋ ಎಂದು ಮದುವೆಗೆ ಕೂಡ್ರಿಸುವವರು ನಮ್ಮ ನಡುವೆಯೂ ಇದ್ದಾರೆ. ಅವರಲ್ಲಿ ಪ್ರೀತಿಯಿಲ್ಲವೆಂದು ನಾವು ಹೇಳುವದಿಲ್ಲ. ಆ ರಾತ್ರಿ ಚಿಪ್ಪು ಬಿಡಿಸಿದ ನಮ್ಮಲ್ಲಿಯೂ ಪ್ರೀತಿಯಿತ್ತು. ಹುಡುಗಿಗೆ 18, ಹುಡುಗನಿಗೆ 21 ವರುಷ ತುಂಬದೆ ಮದುವೆ ಮಾಡುವದು 2006ನೆಯ ಇಸವಿಯ ಕಾನೂನಿನ ಪ್ರಕಾರ ಅಪರಾಧವು. ಆದರೆ ಕಾನೂನಿಗೆ ಮುಂಚೆ ಆ ಹೇಂಟೆಯು ನಮ್ಮನ್ನು ನಾಚಿಸುವದು. ಎಳೆಯ ದೇಹವು ತಾಯ್ತನದ ಭಾರಕ್ಕೆ ಸಿದ್ಧವಾಗಿಲ್ಲದಾಗ ಜಿನುಗುವ ರಕ್ತಕ್ಕೆ ದೇವರ ಮುಂದೆ ಲೆಕ್ಕ ಕೊಡುವವರು ಯಾರು?

ಕಾಯುವದೆಂದರೆ ಕೈಕಟ್ಟಿ ಕೂಡ್ರುವದೆಂದು ತಿಳಿಯಬೇಡಿರಿ. ಮರಿಗಳು ಹೊರಬಂದ ಮೇಲೆ ತಾಯಿಗೆ ಕೆಲಸವು ಇಮ್ಮಡಿಯಾಗುವದು. ಹದ್ದಿನ ನೆರಳು ಕಂಡೊಡನೆ ಕೂಗಿ ಕರೆಯುವದು, ಮುಂಗುಸಿಯ ಮೇಲೆ ಹಾರಿಬೀಳುವದು, ಕೆದರಿದ ಕಾಳನ್ನು ತಾನು ತಿನ್ನದೆ ತೋರಿಸಿಕೊಡುವದು. ನಮ್ಮದೂ ಹಾಗೆಯೇ. ಮರಿಗಳಿಗೆ ಸಣ್ಣ ನುಚ್ಚು, ತಟ್ಟೆಯಲ್ಲಿ ಶುದ್ಧ ನೀರು ಇಡಿರಿ. ಮೊದಲ ವಾರದಲ್ಲಿಯೇ ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಸರಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿರಿ. ಒಮ್ಮೆ ಆ ರೋಗ ಹೊಕ್ಕರೆ ಹಿತ್ತಲೆಲ್ಲಾ ಬರಿದಾಗುವದು. ಹಾಗೆಯೇ ಮಗಳಿಗೆ ಪುಸ್ತಕ, ಊಟ, ಧೈರ್ಯದ ಮಾತುಗಳನ್ನು ಕೊಟ್ಟು ಅವಳ ದಿನಕ್ಕಾಗಿ ಕಾಯಿರಿ.

ಈ ಚಳಿಗಾಲದಲ್ಲಿ ನಿಮ್ಮ ಮನೆಯಲ್ಲಿ ಹೇಂಟೆಯು ಕಾವಿಗೆ ಕೂತಾಗ, ಮಕ್ಕಳನ್ನು ಹತ್ತಿರ ಕರೆದು ಗೋಡೆಯ ಮೇಲೆ ದಿನಕ್ಕೊಂದು ಗೆರೆ ಎಳೆಯಿಸಿರಿ. ಇಪ್ಪತ್ತನೆಯ ಗೆರೆಯ ದಿನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಪ್ರಾರ್ಥಿಸಿರಿ. ತಕ್ಕ ಕಾಲದಲ್ಲಿ ಎಲ್ಲವನ್ನೂ ಹೊರತರುವ ದೇವರು ನಮ್ಮ ಮಕ್ಕಳನ್ನೂ ನಮ್ಮನ್ನೂ ತನ್ನ ರೆಕ್ಕೆಗಳ ಮರೆಯಲ್ಲಿ ಕಾಪಾಡಲಿ. ಆಮೆನ್.