ಬಚ್ಚಲ ನೀರಿನ ಋಣ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಗೋ ಕೆಸುವಿನ ಬುಡಕ್ಕೋ ಹೋಗುತ್ತಿತ್ತು. ಯಾರ ಕೊಳೆಯೋ ಅವರ ಹಿತ್ತಿಲಲ್ಲೇ ಇಂಗುತ್ತಿತ್ತು. ಊರು ಬೆಳೆದು ಹಿತ್ತಿಲುಗಳು ಸೈಟುಗಳಾದ ಮೇಲೆ ಅದು ಚರಂಡಿಗೆ ಬಿದ್ದು ಕಣ್ಮರೆಯಾಯಿತು. ಕಣ್ಮರೆಯಾದದ್ದು ಇಲ್ಲವೇ ಆಯಿತೆಂದು ನಾವು ನಂಬಿಕೊಂಡೆವು. ಆದರೆ ಶಿಕಾರಿಪುರದ ಕುಮುದ್ವತಿ ಮಾಸೂರಿನತ್ತ ಇಳಿಯುತ್ತದೆ. ಸೊರಬದ ದಂಡಾವತಿ ವರದೆಯನ್ನು ಕೂಡುತ್ತದೆ. ಎರಡೂ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಮೇಲಿನವರು ಬಿಟ್ಟದ್ದರಲ್ಲೇ ಕೆಳಗಿನವರು ಕೊಡ ಮುಳುಗಿಸಬೇಕು.

ಕೊಳಚೆ ನೀರು ಶುದ್ಧೀಕರಣ ಘಟಕ ಬೇಕೆಂದರೆ ಎಲ್ಲರೂ ತಲೆದೂಗುತ್ತಾರೆ. ಎಲ್ಲಿ ಎಂದು ಕೇಳಿದರೆ, “ಎಲ್ಲಾದ್ರೂ ಮಾಡ್ಲಿ ಅಕ್ಕೋರೇ, ನಮ್ಮ ಕೇರಿ ಪಕ್ಕ ಬೇಡ” ಎನ್ನುತ್ತಾರೆ. ಈ ಭಯ ಮೂಢತನವಲ್ಲ. ಗಾಳಿಯೂದಿ ಕೊಳಚೆಯನ್ನು ಕಲಕುವ ತೊಟ್ಟಿಗಳಿಂದ ರೋಗಾಣು ಹೊತ್ತ ಸಣ್ಣ ಹನಿಗಳು ಏಳುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ತಲೆನೋವು, ವಾಕರಿಕೆ ತರುತ್ತದೆ. ಬಹಳ ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕುಂದಿಸಿ, ಅಪಾಯದ ಸುಳಿವೂ ಸಿಗದಂತೆ ಮಾಡುತ್ತದೆ. ದೂರ ಹೋದಂತೆ ಈ ಅಪಾಯ ಇಳಿಯುತ್ತದೆ. ಬೇಲಿಯ ಹೊರಗೆ ಮನೆ ಮಾಡಿದವರಿಗಿಂತ ಒಳಗೆ ದುಡಿಯುವವರಿಗೇ ಅದು ಹೆಚ್ಚು.

ಆದರೆ ಮೂಗೊಂದನ್ನೇ ಸಾಕ್ಷಿ ಮಾಡಿಕೊಳ್ಳಲಾಗದು. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ದುರ್ವಾಸನೆಯೇ ಅದಕ್ಕೆ ಕಾರಣವೆಂದು ದೊಡ್ಡ ದೊಡ್ಡವರೂ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಬ್ರಾಡ್ ಸ್ಟ್ರೀಟಿನ ಪಂಪಿನ ನೀರಿನತ್ತ ಬೆರಳು ತೋರಿಸಿದ. ಘಟಕವೇ ಬೇಡವೆಂದರೆ ಕೊಳಚೆ ಇಲ್ಲವಾಗುವುದಿಲ್ಲ. ನಾತವಿಲ್ಲದೆ ಬಾವಿಗಿಳಿದು ವಿಷಮಶೀತ ಜ್ವರವಾಗಿ, ಕಾಮಾಲೆಯಾಗಿ ಮನೆಗೆ ಬರುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ವರ್ಷಗಟ್ಟಲೆ ಹಸಿ ಕೊಳಚೆ ಹರಿಯಿತು. 2015ರಲ್ಲಿ ಅದರ ನೊರೆ ರಸ್ತೆಗೆ ಹಾರಿತು, 2017ರಲ್ಲಿ ಕೆರೆಯಲ್ಲೇ ಬೆಂಕಿ ಕಾಣಿಸಿಕೊಂಡಿತು.

ಹಾಗಾದರೆ ಪಕ್ಕದಲ್ಲಿರುವವರು ಬಾಯಿ ಮುಚ್ಚಿಕೊಂಡಿರಬೇಕೆ? 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಬತ್ತಿದ ಕೆರೆಗಳಿಗೆ ಹರಿಯತೊಡಗಿದಾಗ, ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಲಿ ಎಂದು ಅಲ್ಲಿ ಹಲವರು ಕೇಳಿದರು. ಅದನ್ನು ಕೃತಘ್ನತೆ ಎನ್ನಲು ನನಗೆ ಮನಸ್ಸು ಬಾರದು. ಪರರ ಕೊಳೆಯನ್ನು ನೆರೆಯಲ್ಲಿಟ್ಟುಕೊಂಡವರು ಕೇಳುವುದು ದಾನವಲ್ಲ, ಲೆಕ್ಕ. ಕರೆಂಟು ಹೋದಾಗ ಗಾಳಿಯಂತ್ರ ನಿಲ್ಲದಿರಲಿ, ನೀರಿನ ಪರೀಕ್ಷೆಯ ಫಲ ಕನ್ನಡದಲ್ಲಿ ಗೇಟಿನ ಮೇಲಿರಲಿ, ಒಳಗಿನ ಕೆಲಸಗಾರರಿಗೆ ಗವಸು, ಬೂಟು ಸಿಗಲಿ. “ಏನೂ ಆಗಲ್ಲ ಬಿಡಿ” ಎಂಬ ಸಮಾಧಾನ ಇದಕ್ಕೆ ಉತ್ತರವಲ್ಲ. ಈ ಖರ್ಚನ್ನು ಹೊರಬೇಕಾದವರು ದೂರದಲ್ಲಿ ಮನೆ ಕಟ್ಟಿ, ನೀರು ಸುರಿದು, ಬಾಗಿಲು ಹಾಕಿಕೊಳ್ಳುವ ನಾವು. ಚರಂಡಿಯ ಕಂದಾಯಕ್ಕೆ ಗೊಣಗುವ ಮುನ್ನ ಇಷ್ಟು ನೆನೆದರೆ ಸಾಕು.