ಆಕಾಂಕ್ಷೆಯೂ ಅಪರಿಗ್ರಹವೂ

ಅಪರಿಗ್ರಹವನ್ನು ವ್ರತವೆಂದು ಬೋಧಿಸುವ ಧರ್ಮದಲ್ಲಿ ಹುಟ್ಟಿದ ತರುಣನು ದೊಡ್ಡ ಕನಸನ್ನು ಕಾಣಬಹುದೆ? ಈ ಪ್ರಶ್ನೆ ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಶ್ರಾವಕರ ಮನೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಎದ್ದು ನಿಲ್ಲುತ್ತದೆ. ತಂದೆಯ ಅಂಗಡಿಯ ಗಾದಿಯ ಮೇಲೆ ಕೂಡಲೊಲ್ಲದ ಮಗ ಬೆಂಗಳೂರಿಗೆ ಹೊರಟು ನಿಲ್ಲುತ್ತಾನೆ. ಮದುವೆಯ ಮಾತನ್ನು ಮುಂದೂಡಿ ಇನ್ನೂ ಓದಬೇಕೆಂದು ಮಗಳು ಹಟ ಹಿಡಿಯುತ್ತಾಳೆ. ಲೋಭವು ಕಷಾಯ, ಇದ್ದುದರಲ್ಲಿ ತೃಪ್ತಿಯಿರಲಿ ಎಂದು ಹಿರಿಯರು ಉಪದೇಶಿಸುತ್ತಾರೆ. ಕಾದಂಬರಿಯೂ ಚಲನಚಿತ್ರವೂ ಇದಕ್ಕೆ ಪ್ರತಿಯಾಗಿ, ನಿನ್ನ ಕನಸೇ ನೀನು, ಅದರ ಬೆನ್ನು ಬಿಡಬೇಡ ಎನ್ನುತ್ತವೆ. ಮನೆಯಲ್ಲಿ ಮಾತು ಮುರಿಯುತ್ತದೆ. ಎರಡೂ ಪಕ್ಷಗಳಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಆಚಾರ್ಯರಲ್ಲಿಯೂ ಕವಿಗಳಲ್ಲಿಯೂ ಅರಸಬೇಕಾಗಿದೆ.

ಮೊದಲು ಶಾಸ್ತ್ರದ ಮಾತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ವಸ್ತುವೆಂದು ಹೇಳಲಿಲ್ಲ, ಮೂರ್ಛೆಯೆಂದರು. ಮೂರ್ಛೆಯೆಂದರೆ ಇದು ನನ್ನದು, ಇದೇ ನಾನು ಎಂಬ ಮೋಹ. ವ್ರತಿಯ ಅಂತರಂಗದಲ್ಲಿ ನೆಟ್ಟು ನೋಯಿಸುವ ಮೂರು ಶಲ್ಯಗಳಲ್ಲಿ ನಿದಾನವೂ ಒಂದು. ಮಾಡಿದ ತಪಸ್ಸಿಗೆ, ವ್ರತಕ್ಕೆ ಇಂಥ ಭೋಗವೇ ಫಲವಾಗಿ ದೊರೆಯಲೆಂದು ಬಯಸುವುದೇ ನಿದಾನ. ಆದುದರಿಂದ ಶಾಸ್ತ್ರವು ಪ್ರಯತ್ನವನ್ನು ನಿಂದಿಸಿಲ್ಲ. ಪ್ರಯತ್ನದ ಫಲಕ್ಕೆ ಆತ್ಮವನ್ನು ಒತ್ತೆಯಿಡುವುದನ್ನು ನಿಂದಿಸಿದೆ. ಈ ಭೇದವನ್ನು ಮರೆತರೆ ಹಿರಿಯರ ಉಪದೇಶ ಸೋಮಾರಿತನದ ಸಮರ್ಥನೆಯಾಗುತ್ತದೆ, ಕಿರಿಯರ ಕನಸು ಶಲ್ಯವಾಗುತ್ತದೆ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಜೈನರಿಗೆ ಮಹಾತೀರ್ಥವಾಗಿದ್ದ ಕೊಪಣವೇ ಇಂದಿನ ಕೊಪ್ಪಳ. ಇಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ ಶಾಸನ ಚೆನ್ನಾಗಿ ಉಳಿದಿದೆ, ಪಾಲ್ಕಿಗುಂಡಿನದು ಬಹಳಷ್ಟು ಸವೆದಿದೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನದಿಂದ ಮಹತ್ತಾದುದು ಲಭ್ಯ ಎಂಬುದು ಆ ಶಾಸನದ ಸಾರ. ಇಷ್ಟು ಹಿಂದೆಯೇ ಈ ಬಂಡೆಗಳು ಸಾಮಾನ್ಯನ ಆಕಾಂಕ್ಷೆಗೆ ಅನುಮತಿ ಕೊಟ್ಟಿವೆ.

ಅದೇ ಪಾಲ್ಕಿಗುಂಡಿನ ಮೇಲೆ ಎರಡು ಪಾದಗಳ ಗುರುತಿದೆ. ಇವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಇವನ್ನು ಮಾಡಿಸಿದನೆಂದೂ ಹಳಗನ್ನಡದ ಪುಟ್ಟ ಶಾಸನ ತಿಳಿಸುತ್ತದೆ. ಸಂಸ್ಕೃತದಲ್ಲಿ ವರಾಂಗಚರಿತವನ್ನು ರಚಿಸಿದ ಮಹಾಕವಿ ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಕಾವ್ಯವನ್ನು ಡಾ. ಆ. ನೇ. ಉಪಾಧ್ಯೆಯವರು ಸಂಪಾದಿಸಿ 1938ರಲ್ಲಿ ಪ್ರಕಟಿಸಿದರು. ಕನ್ನಡದ ಜೈನ ಕವಿಗಳು ಗೌರವದಿಂದ ಸ್ಮರಿಸಿದ ಈ ಆಚಾರ್ಯರ ಗುರುತಾಗಿ ಬೆಟ್ಟದ ಮೇಲೆ ಉಳಿದಿರುವುದು ಎರಡು ಹೆಜ್ಜೆ, ಒಂದು ಸಾಲು.

ವರಾಂಗನ ಕಥೆಯೂ ಹೆಸರನ್ನು ಕಳೆದುಕೊಂಡವನ ಕಥೆಯೇ. ಉತ್ತಮಪುರದ ಧರ್ಮಸೇನ ಮಹಾರಾಜನ ಮಗನಾದ ವರಾಂಗನಿಗೆ ಯುವರಾಜ ಪಟ್ಟವಾಗುತ್ತದೆ. ಮಲತಾಯಿಯೂ ಅವಳ ಮಗ ಸುಷೇಣನೂ ಮಂತ್ರಿಯೂ ಕೂಡಿ ಸಂಚು ಹೂಡುತ್ತಾರೆ. ವಿಪರೀತವಾಗಿ ಪಳಗಿಸಿದ ಕುದುರೆ ರಾಜಕುಮಾರನನ್ನು ಕಾಡಿಗೆ ಹೊತ್ತೊಯ್ಯುತ್ತದೆ. ಪ್ರಾಣಾಪಾಯಗಳನ್ನು ದಾಟಿ ಬಂದ ಅವನಿಗೆ ಸಾಗರವೃದ್ಧಿಯೆಂಬ ಸಾರ್ಥವಾಹನ ವರ್ತಕರ ತಂಡ ಆಶ್ರಯವಾಗುತ್ತದೆ. ದರೋಡೆಕೋರರು ಮೇಲೆ ಬಿದ್ದಾಗ ವರಾಂಗನು ಹೋರಾಡಿ ವರ್ತಕರನ್ನು ಕಾಪಾಡುತ್ತಾನೆ. ಅಲ್ಲಿ ಅವನಿಗೆ ಬಂದ ಹೆಸರು ಕಶ್ಚಿದ್ಭಟ, ಅಂದರೆ ಯಾರೋ ಒಬ್ಬ ಸೈನಿಕ. ಲಲಿತಪುರದಲ್ಲಿ ಆ ವರ್ತಕನ ಮನೆಯ ಮಗನಂತೆ ಅವನು ಬಾಳುತ್ತಾನೆ. ತಾನು ಯುವರಾಜನೆಂದು ಸಾರಿಕೊಳ್ಳುವುದಿಲ್ಲ, ಹೋದ ಪಟ್ಟಕ್ಕಾಗಿ ಕೊರಗಿ ಕೂಡುವುದೂ ಇಲ್ಲ. ಊರಿಗೆ ಯುದ್ಧ ಬಂದಾಗ ದೊರೆ ದೇವಸೇನನ ಪರವಾಗಿ ಹೋರಾಡಿ ಗೆಲ್ಲುತ್ತಾನೆ. ಕಾಲ ಬಂದಾಗ ರಾಜ್ಯವೂ ಮರಳಿ ಬರುತ್ತದೆ. ಸುಷೇಣನನ್ನು ಅವನು ಕ್ಷಮಿಸುತ್ತಾನೆ. ಕಡೆಗೆ ಬಂದ ರಾಜ್ಯವನ್ನೂ ಬಿಟ್ಟು ದೀಕ್ಷೆ ಕೈಗೊಳ್ಳುತ್ತಾನೆ.

ವರ್ತಕ ಸಮಾಜ ಈ ಕಥೆಯಲ್ಲಿ ಗಮನಿಸಬೇಕಾದುದು ಒಂದಿದೆ. ವರಾಂಗನಲ್ಲಿ ಪರಾಕ್ರಮ ಕುಂದಿರಲಿಲ್ಲ, ಗೆಲ್ಲಬೇಕೆಂಬ ಛಲ ಕುಂದಿರಲಿಲ್ಲ. ಆದರೆ ಹೆಸರು ಹೋದಾಗ ಅವನು ಹೋಗಲಿಲ್ಲ. ಯಾರೋ ಒಬ್ಬನಾಗಿಯೂ ತನ್ನ ಧರ್ಮವನ್ನು ಮಾಡಬಲ್ಲವನಾಗಿದ್ದನು. ಆಕಾಂಕ್ಷೆಯನ್ನು ಅಳೆಯುವ ಒರೆಗಲ್ಲು ಇದೇ. ಕನಸು ಕೈಗೂಡದಿದ್ದರೆ, ಕೈಗೂಡಿದುದು ಕಳೆದುಹೋದರೆ, ಆಗಲೂ ಉಳಿಯುವವನು ಯಾರು?

ಪಂಪನ ಆದಿಪುರಾಣ ಇದೇ ಪ್ರಶ್ನೆಯನ್ನು ಎರಡು ಕಡೆ ಎತ್ತುತ್ತದೆ. ಆದಿನಾಥನಾಗಲಿರುವ ಜೀವವೇ ಹಿಂದಿನ ಒಂದು ಭವದಲ್ಲಿ ಜಯವರ್ಮನಾಗಿತ್ತು. ತಂದೆ ಪಟ್ಟವನ್ನು ಕಿರಿಯವನಿಗೆ ಕಟ್ಟಿದ್ದರಿಂದ ನೊಂದ ಜಯವರ್ಮ ತಪಸ್ಸಿಗೆ ನಿಲ್ಲುತ್ತಾನೆ. ಅಲ್ಲಿ ವಿದ್ಯಾಧರನೊಬ್ಬನ ವೈಭವ ಕಣ್ಣಿಗೆ ಬೀಳುತ್ತದೆ, ಇಂಥದು ತನಗೂ ಆಗಲೆಂದು ನಿದಾನ ಮಾಡಿಕೊಳ್ಳುತ್ತಾನೆ. ವಿದ್ಯಾಧರ ರಾಜನಾಗಿ ಹುಟ್ಟಿಯೂ ಬರುತ್ತಾನೆ. ಬಯಕೆ ಫಲಿಸಿತು, ಸಂಸಾರ ಮಾತ್ರ ಮುಗಿಯಲಿಲ್ಲ. ಆದರೂ ಆ ಜೀವವೇ ಮುಂದೆ ತೀರ್ಥಂಕರನಾಯಿತೆಂಬುದು ಆಕಾಂಕ್ಷೆಗೆ ಸಿಕ್ಕವರಿಗೆಲ್ಲ ಭರವಸೆ. ಎರಡನೆಯದು ಭರತನ ಪ್ರಸಂಗ. ಷಟ್ಖಂಡವನ್ನು ಗೆದ್ದ ಚಕ್ರವರ್ತಿ ವೃಷಭಾಚಲದ ಮೇಲೆ ತನ್ನ ಪ್ರಶಸ್ತಿ ಬರೆಸಲು ಹೋದರೆ ಅಲ್ಲಿ ಸ್ಥಳವಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳೇ ಬೆಟ್ಟವನ್ನು ತುಂಬಿವೆ. ಅವನ ಗರ್ವ ಇಳಿಯುತ್ತದೆ. ಆದರೂ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ! ಮಾನಕಷಾಯದ ಬಲವೆಷ್ಟೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ನಿಸ್ಸಾರವೆಂದು ತಿಳಿದ ಮೇಲೂ ಕೈ ಉಳಿಯತ್ತ ಚಾಚುತ್ತದೆ.

ಕವಿಯ ಬಾಳಿನಲ್ಲಿಯೂ ಒಂದು ನಿದರ್ಶನವಿದೆ. ರನ್ನನು ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವಿದ್ಯೆಯ ಹಂಬಲದಿಂದ ಮನೆ ಬಿಟ್ಟು ಅಜಿತಸೇನಾಚಾರ್ಯರ ಶಿಷ್ಯನಾದನು, ಕವಿಚಕ್ರವರ್ತಿಯಾದನು. ತನ್ನ ಕಾವ್ಯಶಕ್ತಿಯ ಬಗ್ಗೆ ಅವನಿಗಿದ್ದ ಅಭಿಮಾನ ಸಣ್ಣದಲ್ಲ. ಆದರೆ ಆಶ್ರಯವಿತ್ತ ಚಾವುಂಡರಾಯನ ನೆನಪಿಗೆ ಮಗನನ್ನು ರಾಯನೆಂದೂ ದಾನಚಿಂತಾಮಣಿಯ ನೆನಪಿಗೆ ಮಗಳನ್ನು ಅತ್ತಿಮಬ್ಬೆಯೆಂದೂ ಕರೆದನು. ಆ ಅತ್ತಿಮಬ್ಬೆಯ ಪಾವಿತ್ರ್ಯವನ್ನು 993ರ ಅಜಿತಪುರಾಣದಲ್ಲಿ ವರ್ಣಿಸುವಾಗ ಅವನು ಹೋಲಿಕೆಗೆ ತಂದವುಗಳಲ್ಲಿ ಕೊಪಣದ ಬೆಟ್ಟವೂ ಒಂದು. ಮೇಲೇರಿದವನು ಏಣಿ ಹಿಡಿದವರನ್ನು ಮರೆಯದಿದ್ದರೆ ಮಾನವು ಅಷ್ಟರಮಟ್ಟಿಗೆ ಕರಗುತ್ತದೆ.

ಇನ್ನು ಚಲನಚಿತ್ರಗಳು. ದೊರೈ-ಭಗವಾನ್ ನಿರ್ದೇಶಿಸಿದ ಕಸ್ತೂರಿ ನಿವಾಸ ಚಿತ್ರ 1971ರಲ್ಲಿ ಬಂದಿತು. ಡಾ. ರಾಜಕುಮಾರ್ ಅಭಿನಯಿಸಿದ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ, ದಾನಶೂರ. ಅವನಲ್ಲಿಯೇ ದುಡಿದ ಚಂದ್ರು ಸ್ವಂತ ಉದ್ಯಮ ಕಟ್ಟಿ ಮೇಲೇರುತ್ತಾನೆ, ರವಿವರ್ಮ ಇಳಿಯುತ್ತಾ ಹೋಗುತ್ತಾನೆ, ಮನೆಯೂ ಕೈಬಿಡುತ್ತದೆ. ಕಡೆಗೆ ಮನೆಗೆ ಬಂದವಳಿಗೆ ಊಟವಿಡಲು ತಾನು ಸಾಕಿದ ಪಾರಿವಾಳವನ್ನೇ ಮಾರುತ್ತಾನೆ. ಅವಳು ಬಂದುದು ಆ ಪಾರಿವಾಳವನ್ನೇ ಬೇಡಲು! ಪ್ರೇಕ್ಷಕರು ಕಣ್ಣೀರಿಟ್ಟರು, ಅದು ಸಹಜ. ಆದರೆ ಶ್ರಾವಕನು ಅಲ್ಲಿ ಒಂದು ಕ್ಷಣ ನಿಂತು ಕೇಳಬೇಕು. ರವಿವರ್ಮನಿಗೆ ಹಣದ ಮೋಹವಿರಲಿಲ್ಲ, ಕೊಡುವವನು ಎಂಬ ಹೆಸರಿನ ಮೋಹವಿರಲಿಲ್ಲವೆ? ಸಾಕಿದ ಜೀವಿಯೊಂದನ್ನು ಮಾರಿ ಉಳಿಸಿಕೊಂಡ ಆ ಹೆಸರೂ ಪರಿಗ್ರಹವಲ್ಲವೆ? ಚಂದ್ರುವಿನ ಆಕಾಂಕ್ಷೆಯನ್ನು ಎಲ್ಲರೂ ಗುರುತಿಸುತ್ತಾರೆ. ರವಿವರ್ಮನದು ಸದ್ಗುಣದ ಉಡುಪಿನಲ್ಲಿ ಇರುವುದರಿಂದ ಗುರುತು ಸಿಗುವುದಿಲ್ಲ. ದಾನಿಗಳ ಹೆಸರಿನ ಕಲ್ಲುಗಳು ಬಸದಿಯ ಗೋಡೆಗಳಲ್ಲಿ ಹೆಚ್ಚುತ್ತಿರುವ ಕಾಲದಲ್ಲಿ ಈ ಪ್ರಶ್ನೆ ಚಿತ್ರಮಂದಿರದಲ್ಲಿಯೇ ಉಳಿಯಬೇಕಾದುದಲ್ಲ.

ಮರುವರ್ಷ, 1972ರಲ್ಲಿ, ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ಬಂಗಾರದ ಮನುಷ್ಯ ಚಿತ್ರವನ್ನು ತೆರೆಗೆ ತಂದರು. ರಾಜೀವನ ಕನಸು ಬಂಜರು ನೆಲವನ್ನು ಹಸಿರಾಗಿಸುವುದು, ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸುವುದು. ಕನಸು ಫಲಿಸಿದ ಮೇಲೆ ಅಕ್ಕನ ಮಗನೇ ಅವನ ಪ್ರಾಮಾಣಿಕತೆಯನ್ನು ಸಂಶಯಿಸುತ್ತಾನೆ. ರಾಜೀವ ವಾದಿಸದೆ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಅದು ತ್ಯಾಗವೋ, ಗಾಯಗೊಂಡ ಮಾನದ ಮೌನವೋ ಎಂದು ಚಿತ್ರ ಬಿಡಿಸಿ ಹೇಳುವುದಿಲ್ಲ. ಬಿಟ್ಟುಹೋಗುವವನ ಎದೆಯಲ್ಲಿ ಕ್ಷಮೆಯಿದ್ದರೆ ಅದು ತ್ಯಾಗ, ಕಹಿಯಿದ್ದರೆ ಅದೂ ಒಂದು ಕಷಾಯ. ವರಾಂಗನಿಗೂ ರಾಜೀವನಿಗೂ ನಡುವಿನ ಅಂತರ ಇಷ್ಟೆ: ವರಾಂಗನು ತನಗೆ ಕೇಡು ಮಾಡಿದವನನ್ನು ಮೊದಲು ಕ್ಷಮಿಸಿದನು, ಆಮೇಲೆ ರಾಜ್ಯ ಬಿಟ್ಟನು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಬಡವರ ಮನೆಯ ಮಗನಿಗೆ ಕನಸು ಸೊಗಸಲ್ಲ, ಅನ್ನ. ಅವನಿಗೆ ಮಿತಿಯ ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಮಾತಲ್ಲವೆ? ಆಕ್ಷೇಪಣೆ ನ್ಯಾಯವಾದುದು. ಆದರೆ ಶ್ರಾವಕನ ಪರಿಗ್ರಹ ಪರಿಮಾಣ ವ್ರತ ಸಂಪತ್ತಿಗೆ ಎಲ್ಲೆ ಹಾಕುತ್ತದೆ, ವಿದ್ಯೆಗೂ ದುಡಿಮೆಗೂ ಹಾಕುವುದಿಲ್ಲ. ಅಕ್ಷರದ ಹಸಿವಿನಿಂದ ಮನೆ ಬಿಡುವ ಮಗಳನ್ನು ತಡೆಯಲು ಈ ವ್ರತವನ್ನು ಬಳಸುವ ತಂದೆ ಧರ್ಮವನ್ನಲ್ಲ, ತನ್ನ ಅನುಕೂಲವನ್ನು ಕಾಯುತ್ತಾನೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಹಳ್ಳಿಯಿಂದ ಹೊರಟು ಐ.ಎ.ಎಸ್. ಅಧಿಕಾರಿಯಾದರು, ಕವಿಯಾಗಿ ಕಾವ್ಯಾನಂದರೆಂದು ಹೆಸರಾದರು. ನಾಡು ಅವರನ್ನು ಹೆಚ್ಚಾಗಿ ನೆನೆಯುವುದು ಯಾವ ಹುದ್ದೆಗಾಗಿಯೂ ಅಲ್ಲ, 'ಮೊದಲು ಮಾನವನಾಗು' ಎಂಬ ಕವಿತೆಗಾಗಿ. ಏರಬೇಡವೆಂದು ಅವರು ಹೇಳಲಿಲ್ಲ, ಮೊದಲನೆಯದು ಯಾವುದೆಂದು ಹೇಳಿದರು.

ವ್ಯಾಪಾರಿಗೆ ಇದರ ಅಭ್ಯಾಸ ಕಠಿಣವಾಗಬಾರದು. ದಿನದ ಕೊನೆಗೆ ಕೀರ್ದಿ ಬರೆದು ಶಿಲ್ಕು ತೆಗೆಯುವವನು ಅಂಗಡಿಯ ಲೆಕ್ಕವನ್ನೂ ಮನೆಯ ಲೆಕ್ಕವನ್ನೂ ಕಲೆಸುವುದಿಲ್ಲ. ಹಾಗೆಯೇ ಮಾಡಿದುದರ ಲೆಕ್ಕವನ್ನು ಆತ್ಮದ ಲೆಕ್ಕದೊಡನೆ ಕಲೆಸಬಾರದು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಬರುವ ಅನ್ಯತ್ವಭಾವನೆ ಕಲಿಸುವುದು ಇದನ್ನೇ: ದೇಹವೇ ಬೇರೆಯಾದ ಮೇಲೆ ಹುದ್ದೆ, ಕೀರ್ತಿ, ಕನಸುಗಳು ಬೇರೆಯೆಂದು ಹೇಳಬೇಕೆ? ಲಾಭ ಬರುವ ಮೊದಲೇ ಇಷ್ಟಾದ ಮೇಲೆ ಸಾಕು ಎಂದು ಗೊತ್ತುಮಾಡಿಕೊಂಡವನು ನಿರ್ಭಯವಾಗಿ ದುಡಿಯುತ್ತಾನೆ. ಬಂದ ಮೇಲೆ ಗೊತ್ತುಮಾಡುವೆನೆಂದವನಿಗೆ ಆ ದಿನ ಬರುವುದೇ ಇಲ್ಲ.

ಆದುದರಿಂದ ಬೆಂಗಳೂರಿಗೆ ಹೊರಟ ಮಗನನ್ನು ಹಿರಿಯರು ಶಪಿಸದೆ ಹರಸಲಿ, ಓದಬೇಕೆಂಬ ಮಗಳಿಗೆ ದಾರಿಯ ಖರ್ಚು ಕಟ್ಟಿಕೊಡಲಿ. ಹೊರಡುವ ಮುನ್ನ ಒಮ್ಮೆ ಪಾಲ್ಕಿಗುಂಡು ಬೆಟ್ಟಕ್ಕೆ ಕರೆದೊಯ್ದು ಆ ಎರಡು ಪಾದಗಳನ್ನು ತೋರಿಸಲಿ. ಯಾರೋ ಒಬ್ಬನಾಗಿ ಬಾಳಿದ ವೀರನ ಕಥೆಯನ್ನು ಬರೆದವರು ಅವರು ಎಂಬುದನ್ನು ಮಕ್ಕಳು ತಿಳಿದು ಹೊರಡಲಿ.