ಎಳೆಯರ ಕೈಯ ದಾನ



ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮದ ದಿನ. ಅಂದು ಬಸದಿಯಲ್ಲಿ ತಂದೆಯು ಮಗುವಿನ ಕೈಗೆ ಒಂದು ನೋಟನ್ನಿತ್ತು ಕಾಣಿಕೆಯ ಪೆಟ್ಟಿಗೆಗೆ ಹಾಕಿಸುವುದುಂಟು. ಒಳ್ಳೆಯ ಸಂಸ್ಕಾರವೇ ಸರಿ. ಆದರೆ ಮಗು ತ್ಯಜಿಸಿದ್ದೇನು? ಹಣ ತಂದೆಯದು, ಸಂಕಲ್ಪವೂ ತಂದೆಯದು. ಮಗುವಿನದು ಕೈ ಮಾತ್ರ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನಕ್ಕೆ ಎರಡು ಲಕ್ಷಣಗಳನ್ನು ಹೇಳಿದ್ದಾರೆ: ಅನುಗ್ರಹದ ಉದ್ದೇಶವಿರಬೇಕು, ತನ್ನದಾದುದನ್ನು ಬಿಡಬೇಕು. ಆದುದರಿಂದ ದಾನವನ್ನು ಕಲಿಸುವುದೆಂದರೆ ತನ್ನದನ್ನು ಬಿಡಲು ಕಲಿಸುವುದು.

ಗಳಿಕೆಯಿಲ್ಲದ ಎಳೆಯರಿಗೆ ತನ್ನದೆಂಬುದು ಯಾವುದು? ಇದಕ್ಕೆ ವ್ರತವೇ ದಾರಿ ತೋರುತ್ತದೆ. ಅಷ್ಟಮಿ ಚತುರ್ದಶಿಗಳಂದು ಹಿರಿಯರು ಉಪವಾಸವಿರುವಾಗ, ಮಕ್ಕಳು ತಮಗೆ ಪ್ರಿಯವಾದ ಒಂದು ತಿಂಡಿಯನ್ನು ಸ್ವಸಂತೋಷದಿಂದ ಬಿಡಲಿ. ಅದರ ಬೆಲೆಯನ್ನು ತಾಯಿ ಅವರ ಕೈಗೇ ಕೊಡಲಿ. ಅದು ಅವರು ಬಿಟ್ಟು ಗಳಿಸಿದ ಹಣ. ಯಾರಿಗೆ ಸಲ್ಲಬೇಕೆಂಬುದನ್ನೂ ಅವರೇ ವಿಚಾರಿಸಿ ನಿಶ್ಚಯಿಸಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಹಣವಿಲ್ಲದೆಯೂ ನಡೆಯುವುವು ಅನೇಕ. ಕಣ್ಣು ಮಂಜಾದ ಅಜ್ಜಿಗೆ ದಿನವೂ ಒಂದು ಪುಟ ಪುರಾಣವನ್ನು ಓದಿ ಹೇಳುವ ಬಾಲಕ ಶಾಸ್ತ್ರದಾನದ ದಾರಿಯಲ್ಲಿದ್ದಾನೆ. ನೆರೆಮನೆಯ ರೋಗಿಗೆ ಮದ್ದು ತಂದುಕೊಡುವ ಬಾಲಿಕೆ ತನ್ನ ಆಟದ ಹೊತ್ತನ್ನು ಬಿಟ್ಟಿದ್ದಾಳೆ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಅವಳ ಐಶ್ವರ್ಯ ನಮ್ಮ ಮಕ್ಕಳಿಗಿಲ್ಲ. ಆದರೆ ಒಂದು ಗ್ರಂಥ ಇನ್ನೊಬ್ಬರ ಕೈಗೆ ಸೇರಲೆಂಬ ಅವಳ ಹಂಬಲ ಅವರಿಗೂ ದೊರಕಬಲ್ಲದು.

ಹಿರಿಯರಿಗೂ ಒಂದು ಮಾತು. ಆದರವಿಲ್ಲದೆ ಕೊಡುವುದು, ಇತರ ದಾತೃಗಳ ಗುಣವನ್ನು ಸಹಿಸದಿರುವುದು, ಇದೇ ಮಾತ್ಸರ್ಯ. ಅತಿಥಿಸಂವಿಭಾಗ ವ್ರತದ ಅತಿಚಾರ. ಅಭಿಷೇಕದ ಕಲಶದ ಸವಾಲಿನಲ್ಲಿ ನೆರೆಯವನನ್ನು ಸೋಲಿಸಲೆಂದೇ ನಾವು ಬೆಲೆಯೇರಿಸಿದರೆ, ಪಕ್ಕದಲ್ಲಿ ಕುಳಿತ ಮಗ ಅಂದು ಕಲಿಯುವುದು ತ್ಯಾಗವನ್ನಲ್ಲ, ಸ್ಪರ್ಧೆಯನ್ನು. ಮನೆಯಲ್ಲಿ ನೂರು ಸಲ ಉಪದೇಶಿಸಿದರೂ ಆ ಪಾಠ ಅಳಿಯದು.

ಆದುದರಿಂದ ಶ್ರಾವಕ ಶ್ರಾವಿಕೆಯರೇ, ಬರುವ ಪರ್ವದಲ್ಲಿ ಮಕ್ಕಳ ಕೈಗೆ ನೋಟನ್ನಿಡುವ ಮೊದಲು ಕೇಳಿರಿ: “ಈ ಸಲ ನೀನು ಏನನ್ನು ಬಿಡುವೆ, ಮಗು?” ಅದು ಕೊಡುವ ಉತ್ತರ ಎಷ್ಟೇ ಕಿರಿದಾಗಿರಲಿ, ಅದನ್ನು ಗೌರವಿಸಿರಿ. ಅದೇ ಅದರ ಮೊದಲ ದಾನ.